ಕಣ್ಣು ಮುಚ್ಚದ ಅತ್ತೆಯೊಡನೆ ಇಳಕಲ್ಲಿಗೆ

ಬಾದಾಮಿ ಸ್ಟೇಷನ್ನಿನಲ್ಲಿ ಬಾಗಲಕೋಟೆಯ ರೈಲು ಹತ್ತುವಾಗ ನನ್ನ ಸೋದರತ್ತೆ ರಾಹೇಲವ್ವನ ಕೈಯಲ್ಲಿ ಒಂದು ಬುತ್ತಿಗಂಟು, ಒಂದು ತಂಬಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಸಿಗೆ ಎಲ್ಲಿ ಎಂದು ಕೇಳಿದೆ. ಮಗಳನ್ನು ಆ ಮನೆಯಿಂದ ಹೊರಗೆ ತರುವವರೆಗೆ ತನಗೆ ನಿದ್ದೆಯೂ ಬೇಡ, ಹಾಸಿಗೆಯೂ ಬೇಡ ಎಂದಳು.

ಅದು ಪ್ಲೇಗಿನ ಕಾಲ. ಅತ್ತೆಯ ಒಬ್ಬಳೇ ಮಗಳು ಶಾಂತವ್ವನನ್ನು ಇಳಕಲ್ಲಿನ ನೇಕಾರ ಯೋನಪ್ಪನಿಗೆ ಕೊಟ್ಟಿತ್ತು. ಅಂಬೆಗಾಲಿಡುವ ಒಂದು ಕೂಸೂ ಇತ್ತು. ಇಳಕಲ್ಲಿನಲ್ಲಿ ಇಲಿ ಸತ್ತು ಬೀಳುತ್ತಿವೆ, ಅರ್ಧ ಊರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದೆ, ಯೋನಪ್ಪ ಮಾತ್ರ ಮನೆ ಬಿಡಲೊಲ್ಲ ಎಂದು ಸಂತೆಗೆ ಬಂದವರು ಹೇಳಿ ಹೋಗಿದ್ದರು. ಅತ್ತೆ ಅಂದೇ ಹೊರಟು ನಿಂತಳು. ನಾನು ನಮ್ಮ ಕ್ರೈಸ್ತ ಸಭೆಯ ಶಾಲೆಯ ಮಾಸ್ತರ. ಪ್ಲೇಗಿನ ಊರಿಗೆ ಹೋಗಲು ನನಗೇನೂ ಉಮೇದಿ ಇರಲಿಲ್ಲ, ಆದರೆ ಅವಳೊಬ್ಬಳನ್ನೇ ಕಳಿಸುವುದು ಹೇಗೆ?

ಅವಳ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡಬೇಕು. ಬಹಳ ಹಿಂದೆ ನಮ್ಮ ಪಾದ್ರಿಗಳು ವಿಶ್ವಾಸಿಗಳು ಎಚ್ಚರದಿಂದಿದ್ದು ಪ್ರಾರ್ಥನೆ ಮಾಡಬೇಕೆಂದು ಬೋಧಿಸಿದ್ದರು. ಎಚ್ಚರವೆಂದರೆ ಕಣ್ಣು ಮುಚ್ಚಬಾರದು ಎಂದು ಅತ್ತೆ ತಿಳಿದುಕೊಂಡಳು. ಅಂದಿನಿಂದ ಸಭೆಯ ಗುಡಿಯಲ್ಲಿ ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದರೆ ಇವಳೊಬ್ಬಳು ಕಣ್ಣು ಪಿಳಿಪಿಳಿ ಬಿಡುತ್ತ ಎಲ್ಲರನ್ನೂ ನೋಡುತ್ತ ಕೂಡುತ್ತಿದ್ದಳು. ಅದು ಮನಸ್ಸಿನ ಎಚ್ಚರವಮ್ಮಾ ಎಂದು ಪಾದ್ರಿಗಳು ತಿದ್ದಲು ಹೋದರು.

“ಮನಸ್ಸಿಗೆ ಎಲ್ಲಿ ರೆಪ್ಪಿ ಅದಾವ್ರಿ? ರೆಪ್ಪಿ ಇರೋದು ಕಣ್ಣಿಗೆ,” ಎಂದಳು. ಅವಳ ಪಕ್ಕದಲ್ಲಿ ಕೂಡಲು ನನಗಂತೂ ನಾಚಿಕೆಯಾಗುತ್ತಿತ್ತು.

ಬಾಗಲಕೋಟೆ ಸ್ಟೇಷನ್ನಿನಲ್ಲಿ ಇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಗಲಲ್ಲಿ ಗಂಟು ಎದ್ದಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಹೆಂಗಸರಿಗೆ ಪರದೆಯ ಹಿಂದೆ ಒಬ್ಬ ನರ್ಸಬಾಯಿ ಇದ್ದಳು. ಉಳಿದ ಹೆಂಗಸರು ಶಾಪ ಹಾಕುತ್ತ ಹೊರಗೆ ಬಂದರೆ ಅತ್ತೆ ಆಕೆಯನ್ನು ಹರಸುತ್ತ ಬಂದಳು. ಹುಡುಗಿ ಚೆನ್ನಾಗಿ ನೋಡಿದಳಂತೆ, ಸುಮ್ಮನೆ ಕೈ ಸವರಿ ಕಳಿಸಲಿಲ್ಲವಂತೆ.

ಇಳಕಲ್ ಎಂಬ ಹೆಸರು ಕೇಳಿದರೆ ಗಾಡಿಯವರು ಮುಖ ತಿರುಗಿಸುತ್ತಿದ್ದರು. ಕೊನೆಗೆ ಹುಸೇನಸಾಬನೆಂಬ ನಡುವಯಸ್ಸಿನ ಗಾಡಿಯವನು ಅತ್ತೆಯ ಮುಖ ನೋಡಿ ಒಪ್ಪಿದ. ಬಾಡಿಗೆ ಎಂದಿಗಿಂತ ಹೆಚ್ಚೇ ಆಯಿತು, ನಾನು ಚೌಕಾಸಿಗೆ ಹೋಗಲಿಲ್ಲ. ಚಳಿಗಾಲದ ಬಿಸಿಲು ಹಿತವಾಗಿತ್ತು. ದಾರಿಯ ಎರಡೂ ಬದಿಗೆ ಬಿಳಿಜೋಳ ತೆನೆ ಹಿರಿದು ನಿಂತಿತ್ತು. ಎತ್ತಿನ ಕೊರಳ ಗೆಜ್ಜೆಗೆ ನನಗೆ ತೂಕಡಿಕೆ ಬಂದಾಗಲೆಲ್ಲ ಅತ್ತೆ ಮೊಣಕೈಯಿಂದ ತಿವಿಯುತ್ತಿದ್ದಳು.

ಕಮತಗಿಯಲ್ಲಿ ಗಾಡಿ ನಿಲ್ಲಿಸಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹುಸೇನಸಾಬ ಎತ್ತುಗಳಿಗೆ ನೀರು ಕುಡಿಸಿ, ಬಿಗಿಯಾಗಿ ಕಟ್ಟಿ, ಕಟ್ಟಿದ ಹಗ್ಗವನ್ನು ಜಗ್ಗಿ ನೋಡಿ, ಆಮೇಲೆ ಬೇವಿನ ನೆರಳಿನಲ್ಲಿ ನಮಾಜಿಗೆ ನಿಂತ. ಅತ್ತೆ ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು ಅವನನ್ನೇ ನೋಡಿದಳು. ಅವನು ಮುಗಿಸಿ ಬರುವುದೇ ತಡ, ಕಣ್ಣು ಯಾಕೆ ಮುಚ್ಚಲಿಲ್ಲ ಎಂದು ಕೇಳಿಬಿಟ್ಟಳು. ಹಣೆ ಊರುವ ಜಾಗದ ಮೇಲೆ ನಿಗಾ ಇರಬೇಕೆಂದು ಹಿರಿಯರು ಕಲಿಸಿದ್ದಾರೆ ಎಂದ ಅವನು.

“ಕೇಳಿದೇನೋ ತಮ್ಮಾ?” ಎಂದು ಅತ್ತೆ ನನ್ನ ಕಡೆ ತಿರುಗಿದಳು. ಮುಂದಿನ ದಾರಿಯುದ್ದಕ್ಕೂ ಅವನು ಅವಳಿಗೆ ಸಾಬಣ್ಣನಾದ. ಬುತ್ತಿಯೊಳಗಿನ ಬೆಲ್ಲವೂ ಅವನ ಪಾಲಾಯಿತು.

ಮಲಪ್ರಭೆಯಲ್ಲಿ ನೀರು ಇಳಿದಿತ್ತು, ಗಾಡಿ ಸಲೀಸಾಗಿ ದಾಟಿತು. ಹುನಗುಂದದಲ್ಲಿ ಊರೊಳಗೆ ಹೋಗದೆ ಹೊರಗಿನ ಗಾಡಿಯವರ ಬಿಡಾರದಲ್ಲಿ ತಂಗಿದೆವು. ಬೆಳಿಗ್ಗೆ ನಾನು ಏಳುವಾಗ ಅತ್ತೆ ಸಂಜೆ ಹೇಗೆ ಕೂತಿದ್ದಳೋ ಹಾಗೆಯೇ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ನನಗೆ ಸಂಕಟವಾಯಿತು, ತಂಬಿಗೆಯಲ್ಲಿ ನೀರು ತಂದುಕೊಟ್ಟೆ.

ಇಳಕಲ್ಲಿನ ಹೊರಗೆ ಹೊಲಗಳ ತುಂಬ ಗುಡಿಸಲುಗಳಿದ್ದವು. ಊರೊಳಗೆ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಂತುಹೋಗಿತ್ತು. ಒಂದೇ ಒಂದು ಮಗ್ಗ ಬಡಿಯುತ್ತಿತ್ತು, ಅದು ಯೋನಪ್ಪನದು. ಅತ್ತೆಯನ್ನು ಕಂಡು ಶಾಂತವ್ವ ಬಾಗಿಲಲ್ಲೇ ಅತ್ತಳು. ಯೋನಪ್ಪ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಎದ್ದು ಬಂದು ನಮಸ್ಕರಿಸಿದ. ಒಳ್ಳೆಯವನು, ಮಾತಿಗೆ ತಪ್ಪದವನು. ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿ ಮುಗಿಸಿದ್ದ. ಈಗ ಮಗ್ಗ ಬಿಟ್ಟರೆ ಅದು ಹಾಳಾಗುತ್ತದೆ. ಆದರೆ ಅವನ ನಿಜವಾದ ಹಟ ಬೇರೆ ಇತ್ತು.

“ದೇವರ ಮ್ಯಾಲ ಭಾರ ಹಾಕೇನ್ರಿ ಅತ್ತಿಯವರ. ಈಗ ಓಡಿದರ ಓಣಿ ಮಂದಿ ಏನಂದಾರು? ಇವರ ದೇವರ ಮ್ಯಾಲ ಇವರಿಗೇ ನಂಬಿಗಿ ಇಲ್ಲ ಅಂತಾರ.”

ನಿಜ ಹೇಳಬೇಕೆಂದರೆ ಅವನ ಮಾತು ನನಗೆ ಹಿಡಿಸಿತು. ಅಂಥ ನಂಬಿಕೆ ನನಗಿಲ್ಲವಲ್ಲ ಎಂದು ಒಳಗೊಳಗೇ ಕುಗ್ಗಿದೆ. ಹಾಗಾದರೆ ದೇವರನ್ನೇ ಕೇಳಿ ನೋಡೋಣ ಎಂದಳು ಅತ್ತೆ. ಎಲ್ಲರೂ ಕುಳಿತೆವು. ಕೂಸು ನೆಲದ ಮೇಲೆ ಲಾಳಿ ಹಿಡಿದು ಆಡುತ್ತಿತ್ತು. ಯೋನಪ್ಪ ತುಂಬಿದ ಎದೆಯಿಂದ ಪ್ರಾರ್ಥಿಸಿದ. ಇರಬೇಕೋ ಹೋಗಬೇಕೋ ನೀನೇ ತೋರಿಸು ತಂದೆಯೇ ಎಂದು ಅವನು ಬೇಡಿಕೊಳ್ಳುವಾಗ ನನ್ನ ಮುಚ್ಚಿದ ಕಣ್ಣುಗಳಲ್ಲೂ ನೀರು ಬಂತು.

ಪಕ್ಕದಲ್ಲಿ ಅತ್ತೆ ದಡಕ್ಕನೆ ಎದ್ದ ಸಪ್ಪಳವಾಯಿತು. ಕಣ್ಣು ತೆರೆದರೆ ಕೂಸು ಅವಳ ಸೊಂಟದಲ್ಲಿತ್ತು. ಅದು ಆಡುತ್ತಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿ, ಮಗ್ಗದ ಕುಣಿಯಿಂದ ತೂರಾಡುತ್ತ ಬಂದ ಒಂದು ಇಲಿ ಗಿರ್ರನೆ ಸುತ್ತಿ ಮಗ್ಗುಲಾಗಿ ಬಿತ್ತು. ಯೋನಪ್ಪ ಅದನ್ನೇ ನೋಡುತ್ತ ಕೂತುಬಿಟ್ಟ. ಪ್ರಾರ್ಥನೆ ಇನ್ನೂ ಮುಗಿದಿಲ್ಲ ಎಂದು ಮೆಲ್ಲಗೆ ತೊದಲಿದ.

“ನೀವು ಕೇಳಿದ್ರಿ, ದೇವರು ಜವಾಬ ಕೊಟ್ಟಾನ,” ಎಂದಳು ಅತ್ತೆ. “ನಿಮ್ಮ ಕಣ್ಣ ಮುಚ್ಚಿದ್ವು, ಕಾಣ್ಲಿಲ್ಲ, ಅಷ್ಟ. ಆಮೆನ್ ಅಂದು ಏಳ್ರಿ.”

ಅವನು ಆಮೆನ್ ಅಂದ. ಮಗ್ಗದ ಕಡೆ ಒಮ್ಮೆ ನೋಡಿದ, ಅರ್ಧ ನೇಯ್ದ ಸೀರೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಎದ್ದಿತು. ಹುಸೇನಸಾಬ ತನ್ನ ಗಾಡಿಯ ಗೋಣಿತಟ್ಟನ್ನೇ ಬಿಚ್ಚಿ ಮೇಲೆ ಹೊದಿಸಿದ. ಮರುದಿನವೇ ಯೋನಪ್ಪನ ಗೋಡೆಯಾಚೆಯ ಮನೆಯ ಯಜಮಾನನಿಗೆ ಜ್ವರ ಬಂದ ಸುದ್ದಿ ಬಂತು. ಆತ ಉಳಿಯಲಿಲ್ಲ. ಶಾಂತವ್ವ ಕೂಸನ್ನು ದಿನವಿಡೀ ಕೆಳಗೆ ಇಳಿಸಲಿಲ್ಲ. ಅಲ್ಲಿಯೂ ಇಲಿ ಬಂದೀತೆಂದು ಅತ್ತೆ ಆ ಎರಡೂ ರಾತ್ರಿ ಗುಡಿಸಲಿನ ಬಾಗಿಲಲ್ಲಿ ಕಾವಲು ಕೂತಳು.

ನಾನು ಶಾಲೆಗೆ ಮರಳಬೇಕಿತ್ತು. ಅತ್ತೆ ಅಲ್ಲೇ ಉಳಿಯುವುದಾಗಿ ಹೇಳಿದಳು. ಬೆಳಿಗ್ಗೆ ಗಾಡಿ ಹೂಡಿ ನಿಂತಾಗ, ಹೊರಡುವ ಮುಂಚೆ ಪ್ರಾರ್ಥನೆಗೆಂದು ಎಲ್ಲರೂ ಗುಡಿಸಲಿನ ಮುಂದೆ ಕುಳಿತರು. ಯೋನಪ್ಪ ಪ್ರಾರ್ಥಿಸತೊಡಗಿದ. ನಾನು ರೂಢಿಯಂತೆ ಕಣ್ಣು ಮುಚ್ಚಿದೆ, ಯಾಕೋ ಮನಸ್ಸು ತಡೆಯದೆ ತೆರೆದೆ. ಯೋನಪ್ಪನ ಕಣ್ಣು ತೆರೆದಿದ್ದವು, ಕೂಸಿನ ಮೇಲಿದ್ದವು. ಶಾಂತವ್ವನ ಕಣ್ಣೂ ತೆರೆದಿದ್ದವು. ಎತ್ತಿನ ಹಗ್ಗ ಹಿಡಿದ ಹುಸೇನಸಾಬ ನಮ್ಮೆಲ್ಲರನ್ನೂ ನೋಡುತ್ತ ನಿಂತಿದ್ದ.

ಅತ್ತೆಯೊಬ್ಬಳ ಕಣ್ಣು ಮಾತ್ರ ಮುಚ್ಚಿದ್ದವು. ಬಾಯಿ ತುಸು ತೆರೆದು, ಮಗಳ ಹೆಗಲಿಗೆ ಒರಗಿ, ಬಾದಾಮಿ ಬಿಟ್ಟ ಮೇಲೆ ಮೊದಲ ಸಲ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾಗದಂತೆ ನಾವೆಲ್ಲ ಆಮೆನ್ ಅನ್ನು ಮೆಲ್ಲಗೆ ಅಂದೆವು.