ಕ್ಯಾಸೆಟ್ಟಿನೊಳಗಿನ ಗದ್ದಲ

ಗೆಳತಿಯರೇ, ಇವತ್ತು ಗಂಗಾವತಿಯ ನಮ್ಮ ಮನೆಗೆ ಹಳೆಯ ರೇಡಿಯೋ ಕಾರ್ಯಕ್ರಮಗಳನ್ನು ಸಂಗ್ರಹಿಸುವ ಹುಡುಗಿಯೊಬ್ಬಳು ಬಂದಿದ್ದಳು. ಹೋದ ವರ್ಷ ತೀರಿಕೊಂಡ ನಮ್ಮ ಯಜಮಾನರು ರೇಡಿಯೋ ಎದುರು ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡಿದ್ದ ಕ್ಯಾಸೆಟ್ಟುಗಳು ಅವಳಿಗೆ ಬೇಕಾಗಿದ್ದವು.

ಒಂದನ್ನು ಹಾಕಿ ನೋಡಿದಳು. ಯಾರೋ ಭತ್ತದ ರೋಗದ ಬಗ್ಗೆ ಹೇಳುತ್ತಿದ್ದರು. ನಡುವೆ ನನ್ನದೇ ದನಿ: "ರೊಟ್ಟಿ ಆರಾಕತ್ತಾವು, ಬರ್ರಿ!" ಹಿಂದೆಯೇ ಯಜಮಾನರದು: "ಏ, ಸುಮ್ನಿರ! ರೆಕಾರ್ಡ್ ಆಗಾಕತ್ತೈತಿ!"

ನಾನು ಟೇಪ್‌ರೆಕಾರ್ಡರಿನ ಹತ್ತಿರಕ್ಕೆ ಸರಿದು ಕೂತೆ. ಅವರ ದನಿ ಬೇರೆಲ್ಲೂ ಉಳಿದಿಲ್ಲ.

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ," ಎಂದಳು ಹುಡುಗಿ. "ಈ ಗದ್ದಲ ಎಲ್ಲಾ ಕಂಪ್ಯೂಟರಿನಾಗ ಅಳಿಸ್ತೀವ್ರಿ. ನಮಗ ರೇಡಿಯೋ ದನಿ ಅಷ್ಟ ಬೇಕ್ರಿ."

"ಅಳಿಸೂದಾದ್ರ ಕ್ಯಾಸೆಟ್ಟ ಕೊಡೂದಿಲ್ಲವ್ವಾ!" ಎಂದು ಅವಳ ಕೈಯಿಂದ ಕಸಿದುಕೊಂಡೆ.

ಅವಳು, "ತಪ್ಪಾತ್ರಿ, ಇದ್ದಂಗ ಇಡ್ತೀವ್ರಿ," ಎಂದು, ಅಷ್ಟು ಭಾಗವನ್ನು ನನ್ನ ಮೊಬೈಲಿಗೂ ಹಾಕಿಕೊಟ್ಟು, ಕ್ಯಾಸೆಟ್ಟುಗಳನ್ನು ತೆಗೆದುಕೊಂಡು ಹೋದಳು.

ಈಗ ಮನೆಯಲ್ಲಿ ನಾನು ಎಷ್ಟು ಜೋರಾಗಿ ಮಾತಾಡಿದರೂ ಬೈಯುವವರಿಲ್ಲ. ಈ ಪೋಸ್ಟಿಗೆ ಬರೀ ಕೈಮುಗಿಯುವ ಚಿತ್ರ ಹಾಕಬೇಡಿ. ಯಾರಾದರೂ ಬಂದು ಸ್ವಲ್ಪ ಜಗಳವಾಡಿ.