ನೀರಡಿಯ ದಾರಿ

ಮುಳುಗಡೆಯಲ್ಲಿ ಊರು ಹೋದ ಮೇಲೂ ಗುಡ್ಡದ ನೆತ್ತಿಯಲ್ಲಿ ಹದಿನಾರು ಮನೆಗಳು ಉಳಿದಿದ್ದವು. ಅಲ್ಲಿಂದ ಸಾಗರದ ಆಸ್ಪತ್ರೆಗೆ ಹೋಗಲು ಲಿಂಗನಮಕ್ಕಿಯ ಹಿನ್ನೀರು ದಾಟಬೇಕು. ಇಲ್ಲದಿದ್ದರೆ ಇಡೀ ದಿನದ ಕಾಡುದಾರಿ. ಮಾಸ್ತಪ್ಪ ನಾಲ್ವರು ಗೆಳೆಯರನ್ನು ಕೂಡಿಸಿ ಸೇವಾ ಸಂಘ ಕಟ್ಟಿದ. ಕಾಯಿಲೆಯವರನ್ನೂ ಬಸುರಿಯರನ್ನೂ ದೋಣಿಯಲ್ಲಿ ಪುಕ್ಕಟೆ ದಾಟಿಸುವುದೇ ಸಂಘದ ಕೆಲಸ.

ಕಡಿಯದೆ ಬಿಟ್ಟ ಮರಗಳು ಒಣಗಿ, ಬೊಡ್ಡೆಗಳಾಗಿ ನೀರೊಳಗೆ ನಿಂತಿದ್ದವು. ಮಳೆಗಾಲದ ಮೊದಲಲ್ಲಿ ನೀರು ಏರುವಾಗ ಗೇಣುದ್ದ ಕೆಳಗೆ ಅಡಗಿರುತ್ತಿದ್ದವು. ಮಾಸ್ತಪ್ಪನ ದೋಣಿ ಒಂದಕ್ಕೂ ತಾಗಿದ್ದಿಲ್ಲ.

ಸಾವಿರದ ಒಂಬೈನೂರ ಎಂಬತ್ತರ ಹೊತ್ತಿಗೆ ಜೊತೆಯವರಲ್ಲಿ ಇಬ್ಬರು ತೀರಿಕೊಂಡರು, ಇಬ್ಬರು ಊರು ಬಿಟ್ಟರು. ಹುಟ್ಟು ಹಾಕಲು ಬಂದವನು ಸಂಘದ ಹೊಸ ಕಾರ್ಯದರ್ಶಿ ಜಟ್ಟಿಂಗಪ್ಪ. ಊರು ಮುಳುಗಿದಾಗ ಅವನಿಗೆ ಐದು ವರ್ಷ.

"ಇದು ದುಗ್ಗಪ್ಪನ ಕಣ, ಎಡಕ್ಕೆ ತಿರುಗ್ಸು. ಇಲ್ಲಿ ಜೋಡಿ ಮಾವು, ಬಲಕ್ಕೆ," ಎಂದು ನೀರಡಿಯ ಊರಿನ ಗುರುತು ಹೇಳುತ್ತಿದ್ದ ಮಾಸ್ತಪ್ಪ. ಜಟ್ಟಿಂಗಪ್ಪನ ಕಣ್ಣಿಗೆ ಎಲ್ಲೆಲ್ಲೂ ಬರೀ ನೀರು.

"ಅಜ್ಜ, ಹೆಸರು ಕೇಳಿದ್ರೆ ನಂಗೆ ಎಂತದೂ ಕಾಣಲ್ಲ. ಬೇಸಿಗೇಲಿ ನೀರು ಇಳಿತದಲ್ಲ, ಆಗ ನಡ್ಕಂಡ್ ಹೋಗಿ ತೋರ್ಸಿ. ಬೊಡ್ಡೆ ಇದ್ದಲ್ಲೆಲ್ಲ ಗುರುತಿಗೆ ಬಿದಿರು ನೆಡ್ತೀನಿ," ಎಂದ.

ಮಾತು ಸರಿಯಾದದ್ದೇ. ಆದರೆ ಬೇಸಿಗೆಯಲ್ಲಿ ಕೆಸರಿನಿಂದ ಮೇಲೇಳುವುದು ಬೊಡ್ಡೆಗಳಷ್ಟೇ ಅಲ್ಲ. ಮಾಸ್ತಪ್ಪ ಹುಟ್ಟಿದ ಮನೆಯ ಗೋಡೆ, ಅವನ ತಾಯಿಯನ್ನು ಸುಟ್ಟ ಜಾಗ ಕೂಡ. ಅದನ್ನು ಕಾಣಲಾರದೆ ಮಾಸ್ತಪ್ಪ ಆ ದಿನಗಳಲ್ಲಿ ದೋಣಿಯನ್ನು ಬೇರೆ ಕಡೆಯಿಂದ ಸುತ್ತಿಸಿ ಒಯ್ಯುತ್ತಿದ್ದ.

"ಮುಂದಿನ ವರ್ಷ ನೋಡನ ತಮ್ಮಾ."

ಹಾಗೆಯೇ ಮೂರು ಬೇಸಿಗೆ ಕಳೆದವು. ಮೂರನೆಯ ಸಲ ಜಟ್ಟಿಂಗಪ್ಪ ಕೇಳಲೂ ಇಲ್ಲ.

ಎಂಬತ್ತನಾಲ್ಕರ ಜೂನ್ ಕೊನೆಯಲ್ಲಿ ಮಾಸ್ತಪ್ಪ ಜ್ವರದಿಂದ ಮಲಗಿದ್ದ. ಬೆಳಿಗ್ಗೆ ಮಾರಪ್ಪನ ಹೆಂಡತಿ ಯಮುನಮ್ಮನಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ನಿಂತಿತ್ತು. ಜಟ್ಟಿಂಗಪ್ಪ ಹಾಸಿಗೆಯ ಬಳಿ ಬಂದು ದಾರಿ ಕೇಳಿದ. ಮಾಸ್ತಪ್ಪ ಕಣಗಳ, ಮರಗಳ ಹೆಸರು ಹೇಳುತ್ತ ಹೋದ. ಜಟ್ಟಿಂಗಪ್ಪ ಅದನ್ನೆಲ್ಲ ಎರಡು ಸಲ ಬಾಯಲ್ಲಿ ಹೇಳಿಕೊಂಡು, "ಬರ್ತೀನಿ ಅಜ್ಜ," ಎಂದು ಹೊರಟ.

ಮಧ್ಯಾಹ್ನ ಮಾರಪ್ಪನೊಬ್ಬನೇ ಈಜಿ ದಡ ಸೇರಿದ. ದೋಣಿಯ ತಳ ಸೀಳಿತ್ತು. ಯಮುನಮ್ಮನನ್ನು ಹಿಡಿಯಲು ಹೋದ ಜಟ್ಟಿಂಗಪ್ಪನೂ ಮೇಲೆ ಬರಲಿಲ್ಲ. ಎಲ್ಲಿ ತಾಗಿತೆಂದು ಮಾರಪ್ಪ ಕೈ ತೋರಿಸಿದಾಗ ಮಾಸ್ತಪ್ಪನಿಗೆ ತಿಳಿಯಿತು. ತನ್ನ ಮನೆಯಂಗಳದ ಹಲಸು. ಅದೊಂದರ ಹೆಸರನ್ನು ಅವನು ಎಂದೂ ಬಾಯಿಗೆ ತಂದಿರಲಿಲ್ಲ. ಅಲ್ಲಿಗೆ ಬಂದಾಗ ಅವನ ಕೈ ತಾನಾಗಿಯೇ ಜಟ್ಟಿಂಗಪ್ಪನ ಹುಟ್ಟಿಗೆ ಹೋಗಿ ಅದನ್ನು ತಿರುಗಿಸಿಬಿಡುತ್ತಿತ್ತು.

ಆಮೇಲೆ ದೋಣಿ ನಿಂತಿತು, ಸಂಘದ ಸಭೆಗೆ ಯಾರೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮಾಸ್ತಪ್ಪ ಮನೆಮನೆಗೆ ಹೋಗಿ, "ಯಾರಾದ್ರೂ ಬನ್ನಿ, ದಾರಿ ತೋರಿಸ್ತೀನಿ," ಎಂದು ಕರೆದ. ಜಟ್ಟಿಂಗಪ್ಪನ ತಾಯಿ ಮೂಕಮ್ಮ ಅಂಗಳ ಗುಡಿಸುತ್ತಿದ್ದಳು.

"ಈಗ ಯಾರಿಗೆ ತೋರಿಸ್ತೀರಿ?" ಎಂದಳು, ತಲೆ ಎತ್ತದೆ.

ಮಾಸ್ತಪ್ಪ ಇನ್ನೂ ನಾಲ್ಕು ವರ್ಷ ಬದುಕಿದ್ದ. ಕಾಯಿಲೆಯವರನ್ನು ಕಂಬಳಿಯಲ್ಲಿ ಕಟ್ಟಿ ಕಾಡುದಾರಿಯಲ್ಲಿ ಹೊತ್ತೊಯ್ಯುವುದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದ. ಕೆಲವರನ್ನು ಅರ್ಧ ದಾರಿಯಿಂದಲೇ ವಾಪಸು ತರುತ್ತಿದ್ದರು.