ಹತ್ತು ದಿನ ತಾಳುವ ಮನೆ

ಐವತ್ತೇಳು ತುಂಬಿದ ಗಂಡಸಿನ ಅಂಗಿಯ ಜೇಬಿನಲ್ಲಿ ಗೋಲಿಯೊಂದು ಯಾಕಿದೆ ಎಂದು ಯಾರಾದರೂ ಕೇಳಿದರೆ ಸರಿಯಾದ ಉತ್ತರ ಕೊಡುವುದು ಕಷ್ಟ. ಕಚೇರಿಯಲ್ಲಿ ಪೆನ್ನು ತೆಗೆಯಹೋದಾಗ ಅದು ಟಣ್ಣನೆ ಮೇಜಿನ ಮೇಲೆ ಬಿದ್ದು ಉರುಳುತ್ತದೆ, ಪಕ್ಕದವರು ನಗುತ್ತಾರೆ, ನಾನೂ ನಕ್ಕು ಮತ್ತೆ ಜೇಬಿಗೆ ಸೇರಿಸುತ್ತೇನೆ. ಗಾಜಿನ ಗೋಲಿ, ಒಳಗೆ ಹಸಿರು ಎಳೆಯೊಂದು ತಿರುಚಿಕೊಂಡಿದೆ. ಇದರ ಒಡಹುಟ್ಟಿದವೆಲ್ಲ ಸುಬಾಂಗ್ ಜಯಾದ ನಮ್ಮ ಮನೆಯಲ್ಲಿ, ಟೀವಿ ಮೇಜಿನ ಕೆಳಗಿರುವ ದೋಣಿಯಾಕಾರದ ಮರದ ಮಣೆಯೊಂದರ ಕುಳಿಗಳಲ್ಲಿ ಕುಳಿತಿವೆ. ಈ ಮಲಯ ನಾಡಿನವರು ಅದನ್ನು ಚೊಂಗ್ಕಾಕ್ ಎನ್ನುತ್ತಾರೆ. ಮೆಲಾಕಾದ ಅಂಗಡಿಯೊಂದರಲ್ಲಿ ಅದನ್ನು ಮೊದಲ ಸಲ ಕಂಡಾಗ ನನ್ನ ಹೆಂಡತಿ ನಳಿನಿ, "ಅಯ್ಯೋ, ಇದು ನಮ್ಮ ಅಳಗುಳಿಮಣೆ ಅಲ್ವೇನ್ರೀ!" ಎಂದು ಜಾತ್ರೆಯಲ್ಲಿ ಕಳೆದುಹೋಗಿದ್ದ ತಂಗಿ ಸಿಕ್ಕಂತೆ ಅದನ್ನು ಅವಚಿಕೊಂಡಿದ್ದಳು. ಮೈಸೂರಿನಲ್ಲಿ ಅವಳ ಅಜ್ಜಿ ಹುಣಸೆ ಬೀಜದಲ್ಲಿ ಆಡುತ್ತಿದ್ದ ಆಟ ಇಲ್ಲಿ ಗಾಜಿನ ಗೋಲಿಯಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಆ ಮಣೆಯಿಂದ ಒಂದು ಗೋಲಿಯನ್ನು ನಾನು ಕದ್ದೆ. ಕದ್ದದ್ದು, ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಯ ಮನೆಯನ್ನು, ಎಂದರೆ ಕ್ಯಾರವಾನನ್ನು, ಪರೀಕ್ಷಿಸಲು.

ಹಳೆಯ ಕ್ಯಾರವಾನ್ ಕೊಳ್ಳುವ ಯೋಗ ನಿಮಗೆ ಬಂದೀತೋ ಇಲ್ಲವೋ, ಬಂದರೆ ಒಂದೆರಡು ಮಾತು ನೆನಪಿರಲಿ. ಮೊದಲು ಬಾಗಿಲು ತೆರೆದು ಮೂಗಿಗೆ ಕೆಲಸ ಕೊಡಿ. ಮುಗ್ಗಲು ವಾಸನೆ ಬಂದರೆ ಗೋಡೆಯೊಳಗೆ ನೀರು ಸೇರಿದೆ ಎಂದರ್ಥ, ಹೊಸ ಬಣ್ಣದ ಘಮಲು ಬಂದರೆ ಆ ಮುಗ್ಗಲನ್ನು ಯಾರೋ ಮುಚ್ಚಿಟ್ಟಿದ್ದಾರೆ ಎಂದರ್ಥ. ಕಿಟಕಿಯ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಬಿಸ್ಕತ್ತಿನಂತೆ ಒಳಕ್ಕೆ ಹೋದರೆ ಮರ ಕೊಳೆತಿದೆ. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟುತ್ತಾರಲ್ಲ, ಹಾಗೆಯೇ ಗೋಡೆಯುದ್ದಕ್ಕೂ ತಟ್ಟುತ್ತಾ ಹೋಗಿ, ಸದ್ದು ಎಲ್ಲಿ ಮಂಕಾಗುತ್ತದೋ ಅಲ್ಲಿ ನಿಲ್ಲಿ. ಅಂಗಾತ ಮಲಗಿ ಅಡಿಯ ಚೌಕಟ್ಟಿನ ತುಕ್ಕು ನೋಡಿ. ಅಲಮಾರಿನ ಖಾನೆಗಳನ್ನು ಎಳೆದು, ಅವನ್ನು ತಿರುಪಿನಿಂದ ಬಿಗಿದಿದ್ದಾರೋ ಬರೀ ಪಿನ್ನು ಹೊಡೆದು ಕೈತೊಳೆದುಕೊಂಡಿದ್ದಾರೋ ಗಮನಿಸಿ. ಕೊನೆಯದಾಗಿ ನೆಲದ ನಡುವೆ ಒಂದು ಗೋಲಿ ಇಡಿ, ಅದು ಉರುಳಿದರೆ ಚೌಕಟ್ಟು ಬಾಗಿದೆ. ಈ ಕೊನೆಯದು ನನ್ನದೇ ಸಂಶೋಧನೆ, ಅದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ತಪ್ಪು ಹುಡುಕುವುದು ನನ್ನ ಕಸುಬು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಮುರಿದು ನೋಡುವುದಕ್ಕೆಂದೇ ಬೆಂಗಳೂರಿನಿಂದ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. "ಮೊಸರಲ್ಲಿ ಕಲ್ಲು ಹುಡುಕೋಕೆ ಸಂಬಳ ಕೊಡೋದು ನಿಮಗೊಬ್ಬರಿಗೇ ಕಣ್ರೀ" ಎಂದು ನಳಿನಿ ಬಂದವರ ಮುಂದೆಲ್ಲ ಹಂಗಿಸುತ್ತಿದ್ದಳು. ಆ ಮೂದಲಿಕೆಯನ್ನು ನಾನು ಬಿರುದಿನಂತೆ ಧರಿಸಿಕೊಂಡು ತಿರುಗುತ್ತಿದ್ದೆ.

ಕ್ಯಾರವಾನ್ ಬೇಕಾಗಿದ್ದು ಷೋಕಿಗಲ್ಲ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ನಳಿನಿ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು, ಎರಡು ಗಂಟೆಗೊಮ್ಮೆ ಗಂಜಿ ಕುಡಿಯಬೇಕಾಗುತ್ತಿತ್ತು. ಹೋಟೆಲು, ದೂರದ ಕಾರು ಪ್ರಯಾಣ ಎಲ್ಲ ಅವಳಿಗೆ ಮುಗಿದ ಕತೆ. ಒಂದೂವರೆ ವರ್ಷದ ಮೇಲೆ ರೋಗ ಮರಳಿ ಬಂತು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, ಆಸೆಯಿರುವುದನ್ನು ಮುಂದೂಡಬೇಡಿ ಎಂದಷ್ಟೇ ಹೇಳಿದರು. ಅಂದು ಮನೆಗೆ ಬರುವ ದಾರಿಯಲ್ಲಿ ನಳಿನಿ ತನ್ನ ಆಸೆಯನ್ನು ಹೇಳಿದಳು. "ಸೂರ್ಯ ಸಮುದ್ರದಲ್ಲಿ ಮುಳುಗೋದನ್ನ ಎಷ್ಟು ಸಲ ನೋಡಿದ್ದೀನಿ, ಉಡುಪೀಲೂ ನೋಡಿದೀನಿ, ಇಲ್ಲೂ ನೋಡಿದೀನಿ. ಹುಟ್ಟೋದನ್ನ ಒಂದ್ಸಲ ನೋಡ್ಬೇಕು ಕಣ್ರೀ. ನನ್ನ ಹಾಸಿಗೆ, ನನ್ನ ಬಚ್ಚಲು, ನನ್ನ ಒಲೆ ಜೊತೇಲಿದ್ರೆ ತೆರೆಂಗಾನುಗೆ ಹೋಗಿ ಹತ್ತು ದಿನ ಇದ್ದು ಬರಬಹುದು." ಅವಳು ಕಂಡ ಕಡಲುಗಳೆಲ್ಲ ಪಡುವಣದವು. ತೆರೆಂಗಾನುವಿರುವ ಮೂಡಣ ಕಡಲಿಗೆ ನಮ್ಮ ಮನೆಯಿಂದ ಐದಾರು ಗಂಟೆಯ ಹಾದಿ. ನವೆಂಬರ್ ಬಂತೆಂದರೆ ಆ ಕರಾವಳಿಯಲ್ಲಿ ಮಳೆಗಾಲ ಕಚ್ಚಿಕೊಳ್ಳುತ್ತದೆ, ಮುಂದೆ ಮೂರು ನಾಲ್ಕು ತಿಂಗಳು ಅತ್ತ ಯಾರೂ ಸುಳಿಯುವುದಿಲ್ಲ. ನಾವು ಹುಡುಕಲು ಶುರು ಮಾಡಿದಾಗ ಜುಲೈ.

ಎಳೆಯಲು ಸ್ನೇಹಿತರೊಬ್ಬರ ಪಿಕಪ್ ಗಾಡಿ ಸಿದ್ಧವಿತ್ತು. ಮೊದಲು ನೋಡಿದ ಕ್ಯಾರವಾನಿನಲ್ಲಿ ಹೂವಿನ ಚಿತ್ತಾರದ ಹೊಸ ಕಾಗದದ ಹಿಂದೆ ಗೋಡೆ ಹಪ್ಪಳದಂತೆ ಉಬ್ಬಿತ್ತು. ಎರಡನೆಯದರ ಅಡಿಯಲ್ಲಿ ಕೈಯಿಟ್ಟರೆ ತುಕ್ಕು ಹಾಳೆ ಹಾಳೆಯಾಗಿ ಉದುರಿತು. ಅವೆರಡನ್ನು ಬೇಡವೆಂದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಎರಡು ಗೆಲುವುಗಳು ನನ್ನ ತಲೆಗೇರಿದವು. ನಳಿನಿ ನೆರಳಿನಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತು, ನಾನು ಟಾರ್ಚು ಹಿಡಿದು ಒಳಗೂ ಹೊರಗೂ ಓಡಾಡುವುದನ್ನು ಮದುವೆಮನೆಯಲ್ಲಿ ವರನ ಕಡೆಯವರನ್ನು ನೋಡುವವಳಂತೆ ನೋಡುತ್ತಿದ್ದಳು.

ಮೂರನೆಯದು ಸಿಕ್ಕಿದ್ದು ಮೆಲಾಕಾದ ಹೊರವಲಯದ ಅಂಗಳವೊಂದರಲ್ಲಿ, ಸೆಪ್ಟೆಂಬರಿನಲ್ಲಿ; ಎರಡು ಗಂಟೆಯ ಹಾದಿಯನ್ನು ನಳಿನಿಗಾಗಿ ನಾಲ್ಕೈದು ಕಡೆ ನಿಲ್ಲಿಸುತ್ತಾ ಮುಗಿಸಿದ್ದೆವು. ಮಾರುವಾತ ಅಲ್ಲೇ ಹುಟ್ಟಿ ಬೆಳೆದ ತಮಿಳಿನವನು, ಅರವತ್ತರ ಆಸುಪಾಸಿನವನು, ಹೆಸರು ಮುತ್ತು. ನಾನು ಮೂಸಿದೆ, ಒತ್ತಿದೆ, ತಟ್ಟಿದೆ, ಮಲಗಿ ನೋಡಿದೆ. ಗೋಡೆ ಗಟ್ಟಿ, ಚೌಕಟ್ಟು ಗಟ್ಟಿ, ಖಾನೆಗಳಿಗೆಲ್ಲ ತಿರುಪು. ಹಾಸಿಗೆಯ ತಲೆದಿಂಬಿನ ಪಕ್ಕದಲ್ಲೇ ಅಗಲವಾದ ಕಿಟಕಿ. ನಳಿನಿ ಮೆಲ್ಲನೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಆ ಹಾಸಿಗೆಯ ಮೇಲೆ ಮಲಗಿ ಕಿಟಕಿಯತ್ತ ಹೊರಳಿದಳು. ಆಚೆ ಕಾಣುತ್ತಿದ್ದದ್ದು ಹಳೆಯ ಟೈರುಗಳ ರಾಶಿ. ಅವಳು ಮಾತ್ರ ಬಹಳ ಹೊತ್ತು ಅತ್ತಲೇ ನೋಡುತ್ತಿದ್ದಳು. ಆಗ ನಾನು ಜೇಬಿನಿಂದ ಗೋಲಿ ತೆಗೆದು ನೆಲದ ನಡುವೆ ಇಟ್ಟೆ. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ನಿಧಾನವಾಗಿ ಬಾಗಿಲಿನತ್ತ ಉರುಳಿತು.

"ಗ್ರೌಂಡ್ ಸ್ಲೋಪ್ ಲಾ, ಅಣ್ಣೆ. ಗಾಡಿ ಓಕೆ" ಎಂದ ಮುತ್ತು, ಇಲ್ಲಿನವರಂತೆ ಮಾತಿಗೊಂದು ‘ಲಾ’ ಅಂಟಿಸಿ, ನಾನು ಬಾಯಿ ತೆರೆಯುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದುಕೊಂಡೆ. ಚೌಕಟ್ಟು ಬಾಗಿದ್ದರೆ ಕೀಲುಗಳು ಸಡಿಲವಾಗುತ್ತವೆ, ಹದಿನೈದು ವರ್ಷ ಬಾಳಬೇಕಾದದ್ದು ಐದು ವರ್ಷಕ್ಕೆ ಸೋರತೊಡಗುತ್ತದೆ ಎಂದು ಉಪನ್ಯಾಸ ಕೊಟ್ಟೆ. ಆತ ತಲೆ ಕೆರೆದುಕೊಂಡು, "ಎವ್ರಿ ಕ್ಯಾರವಾನ್ ವಿಲ್ ಲೀಕ್ ಲಾ. ಟುಡೇ ಆರ್ ಟುಮಾರೋ" ಎಂದ. ಮಲಗಿದ್ದಲ್ಲಿಂದಲೇ ನಳಿನಿ, "ರೀ, ಹತ್ತು ದಿನ ತಡೆದ್ರೆ ಸಾಕಲ್ವಾ?" ಎಂದಳು. ಜೊತೆಗೆ ಬಂದಿದ್ದ ನಮ್ಮ ಮಗಳು ಮೇಘಾ ಇಲ್ಲೇ ಬೆಳೆದವಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಅಪ್ಪಾ, ಜಸ್ಟ್ ಟೇಕ್ ಇಟ್ ಲಾ, ಪ್ಲೀಸ್" ಎಂದಳು. ನಾನು ಗೋಲಿಯನ್ನು ಎತ್ತಿಕೊಂಡು ಕೆಳಗಿಳಿದೆ.

ಮನೆಗೆ ಮರಳುವಾಗ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಚಹಾದಂಗಡಿಯೊಂದರ ಮುಂದೆ ನಿಲ್ಲಿಸಿ ಚಹಾ ತಪಾವ್ ಮಾಡಿಸಿಕೊಂಡೆವು. ಕಟ್ಟಿಸಿಕೊಂಡ ಚಹಾ ಕಾರಿನಲ್ಲೇ ತಣ್ಣಗಾಯಿತು. ಸಂಜೆ ನಳಿನಿ ಮಣೆಯನ್ನು ಮುಂದಿಟ್ಟುಕೊಂಡು, "ಗೋಲಿ ವಾಪಸ್ ಕೊಡ್ತೀರಾ? ಆಟಕ್ಕೆ ಒಂದು ಕಡಿಮೆ ಬರುತ್ತೆ" ಎಂದಳು. ಇನ್ನೂ ಗಾಡಿ ನೋಡುವುದಿದೆ, ಬೇಕಾಗುತ್ತದೆ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನ ಡಬ್ಬಿಯಿಂದ ಒಂದು ಬೀಜ ತಂದು ಖಾಲಿ ಜಾಗಕ್ಕೆ ಹಾಕಿದಳು. ಆಮೇಲೆ ಎಂದೂ ಗೋಲಿಯನ್ನು ಕೇಳಲಿಲ್ಲ.

ನಾಲ್ಕನೆಯ ಗಾಡಿಯೊಂದು ನೋಡಲು ಸಿಗುವಷ್ಟರಲ್ಲಿ ನವೆಂಬರ್ ಬಂತು, ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಫೆಬ್ರವರಿಯಲ್ಲಿ, ಮೂಡಣ ಕಡಲಿನ ಮೇಲೆ ಮಳೆ ನಿಂತು ಬಿಸಿಲು ಬೀಳತೊಡಗಿದ ವಾರ, ನಳಿನಿ ಹೋದಳು. ಅವಳ ಆಸ್ಪತ್ರೆಯ ಕೋಣೆಯ ಕಿಟಕಿ ಪಡುವಣಕ್ಕಿತ್ತು.

ಮಿತ್ರರೇ, ನಾನು ಮೂರ್ಖನಲ್ಲ. ಗಾಡಿಯನ್ನು ಹತ್ತಡಿ ಆಚೆಗೆ ತಳ್ಳಿಸಿ ಮತ್ತೊಮ್ಮೆ ಗೋಲಿ ಇಟ್ಟು ನೋಡಬೇಕೆಂಬುದು ನನ್ನ ಕಸುಬಿನ ಮೊದಲ ಪಾಠ. ಒಂದೇ ಪರೀಕ್ಷೆಯನ್ನು ನಂಬಬಾರದೆಂದು ಎಷ್ಟು ಜನ ಕಿರಿಯರಿಗೆ ಹೇಳಿಕೊಟ್ಟವನು ನಾನು. ಹಾಗಿದ್ದೂ ಅಂದು ಯಾಕೆ ಮಾಡಲಿಲ್ಲ? ಎಷ್ಟೋ ದಿನ ಇದನ್ನು ಕೆದಕಿದ ಮೇಲೆ ಸಿಕ್ಕ ಉತ್ತರ ಇದು: ವಸ್ತುವೊಂದು ಗಟ್ಟಿಯೋ ಅಲ್ಲವೋ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ, ಎಷ್ಟು ದಿನಕ್ಕೆ ಎಂದು. ಬಾಳೆಯೆಲೆ ಒಂದು ಊಟಕ್ಕೆ ಗಟ್ಟಿ, ಚಪ್ಪರ ಒಂದು ಮದುವೆಗೆ ಗಟ್ಟಿ; ಅವಕ್ಕೆ ಅದಕ್ಕಿಂತ ಹೆಚ್ಚಿನ ಆಯುಸ್ಸನ್ನು ಯಾರೂ ಬೇಡುವುದಿಲ್ಲ. ನಳಿನಿ ಕೇಳಿದ್ದು ಹತ್ತು ದಿನ ತಾಳುವ ಮನೆ. ನಾನು ಹುಡುಕಿದ್ದು ಹದಿನೈದು ವರ್ಷ ತಾಳುವ ಮನೆ. ಹತ್ತು ದಿನ ಸಾಕು ಎಂದು ಒಪ್ಪಿ ಕೈಕುಲುಕಿದ್ದರೆ, ಅವಳಿಗೆ ಉಳಿದಿರುವುದೂ ಅಷ್ಟೇ ಎಂಬುದಕ್ಕೆ ನಾನೇ ರುಜು ಹಾಕಿದಂತಾಗುತ್ತಿತ್ತು. ನನಗೆ ಹೆದರಿಕೆಯಾಗಿತ್ತು. ಗಾಡಿಯಲ್ಲಿ ದೋಷ ಸಿಗುತ್ತಿರುವಷ್ಟು ಕಾಲ ಹುಡುಕಾಟ ಮುಗಿಯುವುದಿಲ್ಲ, ಹುಡುಕಾಟ ಮುಗಿಯದಿದ್ದರೆ ಪ್ರಯಾಣ ಮುಂದಿರುತ್ತದೆ, ಪ್ರಯಾಣ ಮುಂದಿದ್ದರೆ ಅವಳೂ ಇರುತ್ತಾಳೆ ಎಂಬ ಹುಚ್ಚು ಲೆಕ್ಕ ನನ್ನೊಳಗೆಲ್ಲೋ ನಡೆದಿತ್ತು. ಅವಳಿಗದು ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಅದಕ್ಕೇ ಹಟ ಹಿಡಿಯಲಿಲ್ಲ, ತನ್ನ ಆಸೆಯನ್ನು ಬಿಟ್ಟು ನನ್ನ ಭಯವನ್ನು ಸಾಕಿದಳು.

ಕಳೆದ ತಿಂಗಳು ಸ್ವಂತ ಕೆಲಸದ ಮೇಲೆ ಮೆಲಾಕಾಕ್ಕೆ ಹೋದವನು ಕಾಲು ಎಳೆದತ್ತ ಆ ಅಂಗಳಕ್ಕೂ ಹೋದೆ. ಮುತ್ತು ಗುರುತು ಹಿಡಿದ. "ಅಕ್ಕಾ ಹೌ?" ಎಂದು ಕೇಳಿದ. ನಾನು ಇಲ್ಲವೆಂಬಂತೆ ತಲೆಯಾಡಿಸಿದೆ. ಆತ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಗಾಡಿಯನ್ನು ನಿವೃತ್ತ ಮೇಷ್ಟ್ರೊಬ್ಬರು ಕೊಂಡರಂತೆ, ತೆರೆಂಗಾನುವಿಗೆ ನಾಲ್ಕು ಸಲ ಹೋಗಿ ಬಂದರಂತೆ. "ಸ್ಟಿಲ್ ಗುಡ್ ಲಾ, ಅಣ್ಣೆ" ಎಂದವನು, ನನ್ನ ಮುಖ ನೋಡಿ, ಹೇಳಬಾರದಿತ್ತೇನೋ ಎಂಬಂತೆ ಬೇರೆ ಕಡೆ ತಿರುಗಿದ. ಗಾಡಿ ನಿಂತಿದ್ದ ಜಾಗದಲ್ಲಿ ಬರೀ ಸಿಮೆಂಟಿನ ನೆಲವಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಗೋಲಿಯನ್ನು ಅದರ ಮೇಲಿಟ್ಟೆ. ಅದು ಅಂದಿನಂತೆಯೇ ಒಂದು ಕ್ಷಣ ನಿಂತು, ಅಂದಿನ ದಿಕ್ಕಿಗೇ ಉರುಳಿ ಮೋರಿಯ ಅಂಚಿಗೆ ಹೋಗಿ ನಿಂತಿತು. ಇಳಿಜಾರಿದ್ದದ್ದು ನೆಲ; ಗೋಲಿ ಅಂದೂ ಸುಳ್ಳು ಹೇಳಿರಲಿಲ್ಲ.

ಅಂದು ಮನೆಗೆ ಬಂದು ಅದನ್ನು ಅದರ ಜಾಗಕ್ಕೆ ಸೇರಿಸಿಬಿಡೋಣವೆಂದು ಮಣೆಯನ್ನು ಹೊರಗೆಳೆದೆ. ಭಾನುವಾರವಾದ್ದರಿಂದ ಮೇಘಾ ಬಂದಿದ್ದಳು; ಎದುರಿಗೆ ಕುಳಿತು, ಅಮ್ಮ ಕಲಿಸಿದ ಹಾಗೆ, ಗೋಲಿಗಳನ್ನು ಕುಳಿಗಳಿಗೆ ಹಂಚತೊಡಗಿದಳು. ನಡುವೆ ಆ ಹುಣಸೆ ಬೀಜ ಕಾಣಿಸಿತು. ನಳಿನಿಯ ಬೆರಳು ಆಡಿ ಆಡಿ ಅದು ನುಣುಪಾಗಿದೆ. ನನ್ನ ಕೆಟ್ಟ ಕಣ್ಣಿಗೆ ಅದರ ಒಂದು ಮೂಲೆಯಲ್ಲಿ ಹುಳು ಕೊರೆದ ಸಣ್ಣ ತೂತೂ ಕಂಡಿತು. ಅವಳು ಅದನ್ನು ತಂದ ದಿನವೇ ಇತ್ತೋ ಏನೋ, ನೋಡಿಯೂ ಹಾಕಿದ್ದಾಳೆ, ಅದೂ ಇಷ್ಟು ಆಟಗಳನ್ನು ತಾಳಿದೆ.

"ಅಪ್ಪಾ, ಯುವರ್ ಮಾರ್ಬಲ್? ಪುಟ್ ಇಟ್ ಬ್ಯಾಕ್ ಲಾ" ಎಂದು ಮೇಘಾ ಬೀಜವನ್ನು ಎತ್ತಿಡಲು ಕೈ ಚಾಚಿದಳು. ನಾನು ಅವಳ ಕೈ ಹಿಡಿದು ತಡೆದೆ, ಗೋಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

"ಇರಲಿ ಪುಟ್ಟಾ, ಇದೇ ಸಾಕು" ಎಂದೆ. ಆ ಮಾತನ್ನು ಮೆಲಾಕಾದ ಅಂಗಳದಲ್ಲಿ ಆಡಿದ್ದರೆ, ಅವಳಮ್ಮ ಸೂರ್ಯ ಹುಟ್ಟುವುದನ್ನು ನೋಡಿರುತ್ತಿದ್ದಳು.